ಎಂಟನೆಯ ಮೂಳೆ

ಶಿಡ್ಲಘಟ್ಟದ ಆಸ್ಪತ್ರೆ, ಕೋಣೆ ಸಂಖ್ಯೆ ಹನ್ನೊಂದು.
ಬಾಗಿಲ ಮೇಲಿನ ಕೆಂಪು ದೀಪ ಕೆಟ್ಟು ಎರಡು ವರ್ಷ;
ನಾನೇ ಕೂಗುತ್ತೇನೆ: ಯಾರೂ ಒಳಗೆ ಬರಬೇಡಿ.

ಮೇಲೂರು ಕಡೆಯ ಮುನಿರತ್ನಮ್ಮ
ಮಗನನ್ನು ಎಳೆದುಕೊಂಡೇ ಬಂದಳು,
ಸೆರಗಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ.
"ಬಿರ್ರನೆ ತೆಗೆದುಬಿಡಿ ಮೇಡಂ, ಮನೇಲಿ ಹುಳ ಹಣ್ಣಾಗವೆ,
ಚಂದ್ರಿಕೆಗೆ ಬಿಡೋರಿಲ್ಲ.
ಇವ್ನು ನೋಡಿದ್ರೆ ತಟ್ಟೆ ಸ್ಟ್ಯಾಂಡು ಹತ್ತಿ ಬಿದ್ದವ್ನೆ."

ನಂದೀಶ. ಒಂಬತ್ತು ವರ್ಷ. ಎಡಗೈ.
ಅಲ್ಲಾಡಬೇಡ, ಎಂದೆ. ಉಸಿರಾಡು, ಪರವಾಗಿಲ್ಲ,
ಕೈಗೆ ಉಸಿರಿನ ಗೊಡವೆಯಿಲ್ಲ.

ಪರದೆಯ ಮೇಲೆ ಮೂಡಿತು
ಕತ್ತಲಲ್ಲಿ ಚೆಲ್ಲಿದ ಹಾಲಿನಂಥ ಕೈ.
ಮುಂಗೈಗೆ ಎರಡು ಮೂಳೆ, ಅಕ್ಕಪಕ್ಕದ ಮನೆಯವರಂತೆ,
ಒಂದು ಹೆಬ್ಬೆರಳ ಕಡೆಗೆ, ಒಂದು ಕಿರುಬೆರಳ ಕಡೆಗೆ.
ಮಣಿಕಟ್ಟಿನಲ್ಲಿ ಹುಣಸೆಬೀಜದಷ್ಟಷ್ಟು ಚೂರುಗಳು.
ಎಣಿಸಿದೆ, ಏಳು.
ಎಂಟಿರಬೇಕು. ಎಂಟನೆಯದು ಇನ್ನೂ ಮೆತ್ತಗೆ,
ಬೆಳಕಿಗೆ ಸಿಗದೆ ಎಲ್ಲೋ ಕೂತಿದೆ.

"ಅಯ್ಯೋ, ಇಲ್ಲಿ ಬಿಟ್ಕೊಂಡೈತಲ್ಲ ಮೇಡಂ!"
ಅವಳ ಬೆರಳು ಮೂಳೆಯ ತುದಿಯ ಕಪ್ಪು ಗೆರೆಯ ಮೇಲೆ.
ಮಾತಿಗೆ ನಂಬುವ ಹೆಂಗಸಲ್ಲ.
ಬಾರೋ, ಬಲಗೈನೂ ಇಡು.
ಇಟ್ಟ. ಮುಷ್ಟಿ ಬಿಚ್ಚಲಿಲ್ಲ.
ಬಿಚ್ಚೆಂದರೆ ಮೋರೆ ಗೋಡೆಗೆ.
ಹೋಗಲಿ, ನನಗೆ ಬೇಕಾದ್ದು ಮಣಿಕಟ್ಟು.

ಬಲಗೈಲೂ ಅದೇ ಕಪ್ಪು ಗೆರೆ, ಅಷ್ಟೇ ಅಗಲ.
ನೋಡಮ್ಮ, ಇದು ಬಿರುಕಲ್ಲ,
ಇವನು ಉದ್ದವಾಗುವ ಜಾಗ.
ಮೆದುಮೂಳೆ. ಇಲ್ಲಿ ದಿನಾ ಒಂದಿಷ್ಟು ಗಟ್ಟಿಯಾಗಿ
ಹಳೆಯ ಮೂಳೆಗೆ ಸೇರಿಕೊಳ್ಳುತ್ತದೆ.
ಮೀಸೆ ಮೂಡಿದ ಮೇಲೆ ಒಂದು ದಿನ ಮುಚ್ಚಿಹೋಗುತ್ತದೆ, ನನ್ನ ಕೈಯಲ್ಲಿ ಮುಚ್ಚಿರುವಂತೆ.
ಮುರಿದಿರುವುದು ಮೇಲೆ, ಎರಡು ಬೆರಳು ಮೇಲೆ,
ನೀನು ನೋಡದ ಈ ಸಣ್ಣ ಉಬ್ಬು.
ಒತ್ತಿದ ತಗಡಿನ ಹಾಗೆ ಸೊಟ್ಟಗಾಗಿದೆ, ಅಷ್ಟೇ.

ಅವಳು ಉಬ್ಬನ್ನೂ ಗೆರೆಯನ್ನೂ ಬಹಳ ಹೊತ್ತು ನೋಡಿದಳು.
ಹುಟ್ಟುವಾಗ ಮುನ್ನೂರರ ಹತ್ತಿರ ಮೂಳೆ,
ದೊಡ್ಡವರಿಗೆ ಇನ್ನೂರಾರು, ಎಂದೆ.
"ಮಿಕ್ಕಿದ್ದು ಎಲ್ಲಿ ಹೋಯ್ತವೆ?"
ಎಲ್ಲಿಗೂ ಹೋಗಲ್ಲ. ಒಂದಕ್ಕೊಂದು ಕೂಡಿಕೊಳ್ತವೆ.
ಬೆಳೆಯುವುದೆಂದರೆ ಲೆಕ್ಕದಲ್ಲಿ ಕಡಿಮೆಯಾಗುವುದು.

ಆದರೆ ಆ ಮುಷ್ಟಿಯೊಳಗೆ
ಬೆರಳ ಮೂಳೆಗಳ ನಡುವೆ
ಕನ್ನಡಿಗೆ ಊದಿದ ಉಸಿರಿನಷ್ಟು ಒಂದು ಮಸುಕು.
ಏನೋ ಅದು?
ಬಿಚ್ಚಿದ. ಹಣ್ಣುಹುಳು. ಮೈಯೆಲ್ಲ ಜೇನುಬಣ್ಣ.

"ಇದ್ರ ಮೂಳೆ ಯಾಕೆ ಬಂದಿಲ್ಲ?"
ಇದಕ್ಕಿಲ್ಲ ಮಗ. ಚರ್ಮದೊಳಗೆ ಬಿಗಿಯಾಗಿ ತುಂಬಿದ ನೀರೇ ಇದರ ಬೆನ್ನೆಲುಬು.
ಒತ್ತಿದರೆ ನೀರು ಮುಂದಕ್ಕೆ, ಹುಳವೂ ಮುಂದಕ್ಕೆ.
"ಏಡಿಗೆ?"
ಏಡಿಗೆ ಹೊರಗೆ. ಮೈಯೇ ಗೋಡೆ, ಗೋಡೆಯೇ ಮೂಳೆ.
ಅದು ದೊಡ್ಡದಾಗಬೇಕಾದರೆ ಗೋಡೆ ಒಡೆದು ಬರಬೇಕು.
"ಹುಳಾನೂ ಹಂಗೇ," ಅಂದ, ನೋವು ಮರೆತು, ನನಗೇ ಮೇಷ್ಟ್ರಾಗಿ,
"ನಾಲ್ಕು ಜ್ವರ ಬರ್ತೈತೆ. ಜ್ವರದಾಗೆ ಸೊಪ್ಪು ಹಾಕಬಾರ್ದು, ಮುಟ್ಟಬಾರ್ದು.
ತಲೆ ಎತ್ಕಂಡು ಸುಮ್ನೆ ಕೂತಿರ್ತೈತೆ.
ಆಮೇಲೆ ಹಳೇ ಚರ್ಮ ಬಿಟ್ಬಿಟ್ಟು ಎದ್ದೋಯ್ತೈತೆ."

ಹಳೇ ಚರ್ಮ ಬಿಟ್ಟು ಎದ್ದುಹೋಗುವುದು!
ನಾವು ಒಳಗೇ ಕಟ್ಟಿಕೊಂಡವರು,
ಮುರಿದದ್ದನ್ನೂ ಒಳಗೇ ಇಟ್ಟು ಬೆಸೆಯಬೇಕಾದವರು.
(ಇದನ್ನು ಅವನಿಗೆ ಹೇಳಲಿಲ್ಲ.
ಎಲುಬಿಲ್ಲದ ನಾಲಿಗೆ, ಎಲ್ಲಿ ನಿಲ್ಲಬೇಕೆಂದು
ಒಂದೊಂದು ಸಲ ಅದಕ್ಕೂ ತಿಳಿಯುತ್ತದೆ.)

ಹಿಟ್ಟಿನ ಪಟ್ಟಿ, ಮೂರು ವಾರ.
"ಮೂರ್ ವಾರಾನಾ? ಹುಳ ಮೂರೇ ದಿನಕ್ಕೆ ಗೂಡು ಕಟ್ತದೆ,"
ಗೊಣಗುತ್ತ ಮುನಿರತ್ನಮ್ಮ ಬಸ್ಸಿಗೆ ಓಡಿದಳು.
ಹುಳ ನನ್ನ ಮೇಜಿನ ಮೇಲೆ ಉಳಿಯಿತು.

ಕೈಗವಸಿನ ಖಾಲಿ ಡಬ್ಬಿಗೆ ಹಾಕಿದೆ.
ಸೊಪ್ಪು ಬೇಡ, ತಿನ್ನುವ ಕಾಲ ಮುಗಿದಿದೆ.
ಸಂಜೆ ಸೊಂಟ ಮುರಿದ ಅಜ್ಜಿಯೊಬ್ಬಳಿಗೆ
ಅಲ್ಲಾಡಬೇಡಿ, ಎನ್ನುತ್ತಿದ್ದೆ.
ಡಬ್ಬಿಯ ಮೂಲೆಯಲ್ಲಿ ಅದು ತಲೆಯಾಡಿಸುತ್ತಿತ್ತು,
ಅತ್ತ, ಇತ್ತ, ಮತ್ತೆ ಅತ್ತ,
ಕಾಣದಷ್ಟು ತೆಳುವಾದದ್ದೇನನ್ನೋ
ಗಾಳಿಯಲ್ಲಿ ಬರೆಯುತ್ತಾ.